ಕೊಯ್ಯುವ ಮುಂಚಿನ ಗಂಟೆಗಳು

ಭಾನುವಾರ ಬೆಳಿಗ್ಗೆ ಗುಂಡ್ಲುಪೇಟೆ ಸೀಮೆಯ ಯಾವುದಾದರೂ ಹಳ್ಳಿಯ ಮಾಂಸದ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಒಂದು ಮೇಕೆಯನ್ನು ಕೊಯ್ಯುತ್ತಿರುವಾಗ ಮುಂದಿನ ಸರದಿಯದು ಮೂರು ಮಾರು ದೂರದಲ್ಲಿ ಕಟ್ಟಿಸಿಕೊಂಡು ಎಲ್ಲವನ್ನೂ ನೋಡುತ್ತಿರುತ್ತದೆ. ಅದರ ಮುಂದೆ ನೀರಿನ ಬಾನಿ ಇರುವುದು ಅಪರೂಪ.

ಮಾಂಸಾಹಾರ ಸರಿಯೋ ತಪ್ಪೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ನಾನೂ ಕುರಿ ಸಾಕಿದ ಮನೆಯಿಂದಲೇ ಬಂದವನು. ನಮ್ಮ ರಾಜ್ಯದಲ್ಲಿ ವಧೆಯ ಚರ್ಚೆಯೆಲ್ಲ ಗೋವಿನ ಸುತ್ತಲೇ ಸುತ್ತುತ್ತದೆ. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನಿನ ಪರವಾಗಿ ಮಾತನಾಡಿದವರೂ ವಿರೋಧವಾಗಿ ಮಾತನಾಡಿದವರೂ, ವಾರವಾರವೂ ಸಾಯುವ ಕುರಿ-ಮೇಕೆಗಳು ಹೇಗೆ ಸಾಯುತ್ತವೆಂದು ಕೇಳಿದ್ದನ್ನು ನಾನು ಕಾಣೆ.

ನಿಯಮಗಳು ಇಲ್ಲದಿಲ್ಲ. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯುವಂತಿಲ್ಲ. ಗಬ್ಬದ ಪ್ರಾಣಿಯನ್ನು, ಮೂರು ತಿಂಗಳೊಳಗಿನ ಮರಿಯನ್ನು ಕೊಯ್ಯುವಂತಿಲ್ಲ. ಪಶುವೈದ್ಯರ ತಪಾಸಣೆಯ ನಂತರ 24 ಗಂಟೆ ವಿಶ್ರಾಂತಿ ಕೊಡಬೇಕು. ಕೊಯ್ಯುವ ಮುನ್ನ ಪ್ರಜ್ಞೆ ತಪ್ಪಿಸಲು ಪ್ರತ್ಯೇಕ ಸ್ಥಳವನ್ನು ‘ಆದಷ್ಟು ಬೇಗ’ ಒದಗಿಸಬೇಕೆಂದೂ ಇದೆ. ಆ ‘ಬೇಗ’ಕ್ಕೆ ಕಾಲಮಿತಿಯನ್ನು ಮಾತ್ರ ಹಾಕಲಿಲ್ಲ! ಆದರೆ ಈ ನಿಯಮಗಳು ಹೇಳುವ ಕಸಾಯಿಖಾನೆಯೆಂದರೆ ದಿನಕ್ಕೆ 10 ಅಥವಾ ಹೆಚ್ಚು ಪ್ರಾಣಿಗಳನ್ನು ಕೊಯ್ಯುವ ಸ್ಥಳ. ಅದರಲ್ಲಿಯೇ ಕೊಯ್ಯಬೇಕೆಂಬ ಕಟ್ಟಳೆ ಪಟ್ಟಣದ ಎಲ್ಲೆಯೊಳಗಿನದು. ವಾರಕ್ಕೆ ನಾಲ್ಕು ಮೇಕೆ ಕೊಯ್ಯುವ ಹಳ್ಳಿಯ ಅಂಗಡಿ ಇದರ ಹೊರಗೇ ಉಳಿಯಿತು.

ಇದು ಬರಿಯ ಕರುಣೆಯ ಮಾತೂ ಅಲ್ಲ. ಹೆದರಿ ಬಳಲಿದ ಪ್ರಾಣಿಯ ಸ್ನಾಯುಗಳಲ್ಲಿರುವ ಗ್ಲೈಕೋಜನ್ ಸಾಯುವ ಮೊದಲೇ ವ್ಯಯವಾಗಿರುತ್ತದೆ. ಅದು ಉಳಿದಿದ್ದರೆ ಸತ್ತ ಮೇಲೆ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಟ್ಟು ಮಾಂಸದ ಪಿಎಚ್ ಮಟ್ಟವನ್ನು 7ರ ಆಸುಪಾಸಿನಿಂದ 5.5ರ ಸುಮಾರಿಗೆ ಇಳಿಸುತ್ತದೆ. ಆ ಹುಳಿಯೇ ಮಾಂಸವನ್ನು ಬೇಗ ಕೆಡದಂತೆ ಕಾಯುವುದು. ದಣಿದ ಪ್ರಾಣಿಯ ಮಾಂಸ ಕಪ್ಪಾಗಿ, ಗಡುಸಾಗಿ, ಬೇಗ ಹಳಸುತ್ತದೆ. ನಷ್ಟ ಕೊಳ್ಳುವವನಿಗೂ ಉಂಟು.

ಇನ್ನು ಸಾಗಾಟ. 1978ರ ನಿಯಮಗಳು ಕುರಿ-ಮೇಕೆಗಳ ಕಾಲು ಕಟ್ಟಬಾರದು, ವಾಹನದಲ್ಲಿ 5 ಸೆಂ.ಮೀ. ದಪ್ಪ ಹುಲ್ಲು ಹಾಸಬೇಕು ಎನ್ನುತ್ತವೆ. ಆದರೆ ಪಯಣ ಆರು ಗಂಟೆಗಿಂತ ಹೆಚ್ಚಿನದಾಗಿದ್ದರೆ ಮಾತ್ರ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಅಷ್ಟು ಹೊತ್ತು ಹಿಡಿಯುವುದಿಲ್ಲ. ಮೇಲಾಗಿ 2009ರಿಂದ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಕಾಡುಪ್ರಾಣಿಗಳಿಗಾಗಿ ಬಂದ ಈ ನಿರ್ಬಂಧ ಒಂದು ನಿಮಿಷವೂ ಸಡಿಲವಾಗಕೂಡದೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಐದು ನಿಮಿಷ ತಡವಾಗಿ ಮದ್ದೂರು ತನಿಖಾ ಠಾಣೆ ತಲುಪಿದ ವಾಹನದೊಳಗಿನ ಮೇಕೆ ಒಂಬತ್ತು ಗಂಟೆ ನಿಂತೇ ಇರಬೇಕಾಗುತ್ತದೆ. ಕಾಡಿನ ಆನೆಯ ಬಗ್ಗೆ ಯೋಚಿಸಿದ ನಾವು ಆ ಮೇಕೆಗೆ ಇಳಿದು ನಿಲ್ಲಲು ಒಂದು ದೊಡ್ಡಿಯನ್ನು, ನೀರಿನ ತೊಟ್ಟಿಯನ್ನು ಇದುವರೆಗೆ ಕೇಳಿಲ್ಲ.

ನಮ್ಮ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಇದಕ್ಕೆ ವಿರುದ್ಧವಾದ ದಾರಿಯನ್ನು ಕಂಡಿದ್ದೇವೆ. ಸಿದ್ದಪ್ಪಾಜಿ ಜಾತ್ರೆಯ ಪಂಕ್ತಿಸೇವೆಯಲ್ಲಿ 1959ರ ಪ್ರಾಣಿಬಲಿ ತಡೆ ಕಾಯಿದೆಯನ್ನು ಮುಂದಿಟ್ಟು ತಡೆಗಟ್ಟೆ ಹಾಕುತ್ತಾರೆ. ಭಕ್ತರು ಇದು ಬಲಿಯಲ್ಲ, ಸಹಭೋಜನ ಎನ್ನುತ್ತಾರೆ. ಆ ವಾದ ನ್ಯಾಯಾಲಯಕ್ಕೆ ಬಿಟ್ಟದ್ದು. ಪೊಲೀಸರ ಕಣ್ಣು ತಪ್ಪಿಸಿ ಕತ್ತಲಲ್ಲಿ, ಅವಸರದಲ್ಲಿ ಕೊಯ್ದರೆ ನೋವು ಹೆಚ್ಚೇ ಹೊರತು ಕಡಿಮೆಯಾಗದು. ತಡೆಯುವುದಕ್ಕೆ ಪೊಲೀಸರಿದ್ದಾರೆ, ನೋವು ಕಡಿಮೆ ಮಾಡುವುದಕ್ಕೆ ಯಾರೂ ಇಲ್ಲ.

ಹೊಸ ಕಾಯಿದೆಯೇ ಬೇಕೆಂದಿಲ್ಲ. ದಿನಕ್ಕೆ 10 ಸಣ್ಣ ಪ್ರಾಣಿಗಳವರೆಗೆ ಕೊಯ್ಯುವವರನ್ನು 2011ರ ಆಹಾರ ಸುರಕ್ಷತಾ ನಿಯಮಗಳು ಆಗಲೇ ನೋಂದಣಿಯ ವ್ಯಾಪ್ತಿಗೆ ತಂದಿವೆ. ಅದೇ ನೋಂದಣಿಗೆ ಮರೆ, ನೀರು, ನೆರಳು, ಹಿಂದಿನ ಸಂಜೆಯೇ ತಂದು ವಿಶ್ರಾಂತಿ ಕೊಡುವುದು, ಹರಿತವಾದ ಕತ್ತಿ, ಪಳಗಿದ ಕೈ — ಇಷ್ಟನ್ನು ಷರತ್ತಾಗಿ ಸೇರಿಸಲಿ. ಹಲವು ಹಳ್ಳಿಗಳನ್ನು ಒಬ್ಬರೇ ನೋಡಿಕೊಳ್ಳುವ ಪಶುವೈದ್ಯರು ಪ್ರತಿ ಅಂಗಡಿಗೂ ಬರಲಾರರು, ನಿಜ. ಸಂತೆಯ ದಿನ ಸಂತೆಯಲ್ಲಿಯೇ ತಪಾಸಣೆ ನಡೆಸಬಹುದು. ಖರ್ಚನ್ನೆಲ್ಲ ಬಡ ವ್ಯಾಪಾರಿಯ ತಲೆಗೆ ಕಟ್ಟಿದರೆ ಆತ ನೋಂದಣಿಯಿಂದಲೇ ತಪ್ಪಿಸಿಕೊಳ್ಳುತ್ತಾನೆ. ಮರೆ ಗೋಡೆಯನ್ನೂ ತೊಟ್ಟಿಯನ್ನೂ ಪಂಚಾಯಿತಿ ಕಟ್ಟಿಸಿಕೊಡಬೇಕು.

ಮುಂದಿನ ಗ್ರಾಮಸಭೆಯಲ್ಲಿ ಆರಡಿ ಎತ್ತರದ ಒಂದು ಮರೆ ಗೋಡೆ ಮತ್ತು ಒಂದು ನೀರಿನ ತೊಟ್ಟಿಗಾಗಿ ಅರ್ಜಿ ಕೊಡಲಿದ್ದೇನೆ. ನಮ್ಮೂರಿನ ಮಾಂಸದ ವ್ಯಾಪಾರಿ ತಾನೂ ರುಜು ಹಾಕುವುದಾಗಿ ಹೇಳಿದ್ದಾರೆ.