ಭಾಗ 4: "ಬೋರ್ಡೇ ಹೋಗಿದೆ" ಅಂದ ತಕ್ಷಣ ನಂಬ್ಬೇಡಿ

ಕಡೂರಿನ ತೆಂಗು, ತರೀಕೆರೆ ಅಡಿಕೆ, ಅಜ್ಜಂಪುರದ ಈರುಳ್ಳಿ. ಫೋನಲ್ಲೇ ಮೋಟರ್ ಆನ್ ಮಾಡೋ ಸ್ಟಾರ್ಟರ್ ನೋಡಿದೀರಲ್ಲ? ಅದು ಕೆಟ್ರೆ "ಬೋರ್ಡೇ ಹೋಗಿದೆ" ಅಂತಾರೆ. ನಾವು ತೆಪ್ಪಗೆ ದುಡ್ಡು ಎಣಿಸ್ತೀವಿ.

ಒಳಗೆ ಸಿಮ್ ಮಾಡ್ಯೂಲು, ಮೈಕ್ರೋಕಂಟ್ರೋಲರು ಸಾಮಾನ್ಯವಾಗಿ ಮೂರೇ ಲೈನಲ್ಲಿ ಮಾತಾಡ್ತವೆ: ಟಿಎಕ್ಸ್, ಆರ್‌ಎಕ್ಸ್, ಗ್ರೌಂಡ್. ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸ್‌ಗೆ. ಒಬ್ಬರ ಡೆಬಿಟ್ಟು ಇನ್ನೊಬ್ಬರ ಕ್ರೆಡಿಟ್ ಇದ್ದ ಹಾಗೆ! ವೇಗವೂ ಹೊಂದಬೇಕು. ಒಂದು 9600, ಇನ್ನೊಂದು 115200 ಆದ್ರೆ ಬರೋದು ಬರೀ ಕಸ. 9600ರಲ್ಲಿ ಅಕ್ಷರಕ್ಕೆ 10 ಬಿಟ್: ಶುರುವಿಗೆ 1, ಮಾಹಿತಿಗೆ 8, ಕೊನೆಗೆ 1. ಸೆಕೆಂಡಿಗೆ 960 ಅಕ್ಷರ. ಲೆಕ್ಕ ಅಷ್ಟೇ ಕಣ್ರೋ!

"ನಾವು ಬಿಕಾಂ, ನಮಗ್ಯಾಕೆ" ಅನ್ಬೇಡಿ. ಗ್ರೌಂಡ್ ಒಂದು ಬಿಟ್ಟಿದ್ರೂ ಬೋರ್ಡ್ ಸತ್ತ ಹಾಗೆ ಕಾಣಬಹುದು. ಮುಂದಿನ ಸಲ ಕೇಳಿ: "ಸೀರಿಯಲ್ ಲೈನ್ ನೋಡಿದ್ರಾ?" ಉತ್ತರ ಬರೋವರೆಗೂ ಪರ್ಸ್ ತೆಗೀಬೇಡಿ.