ಹಿತ್ತಲ ಅಂಜೂರಕ್ಕೂ ಒಂದು ಆರ್.ಸಿ. ಬೇಕು

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡ್ತೀನಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ನದಿ ದಂಡೆಯ ಹಳ್ಳಿಗಳಲ್ಲಿ ಯಾರ ಹಿತ್ತಲಲ್ಲಿ ಹಳೆಯ ಅಂಜೂರದ ಗಿಡ ಇದೆಯೋ, ಅವರು ಈ ಚಳಿ ಮುಗಿಯೋದ್ರೊಳಗೆ ಅದರ ನಾಲ್ಕು ಕಡ್ಡಿ ಕತ್ತರಿಸಿ ಮನೆಯಲ್ಲೇ ಬೇರು ಬರಿಸಿಕೊಳ್ಳಬೇಕು. ಮನೆಯಲ್ಲಿ ಬರೀ ವಯಸ್ಸಾದವರು ಉಳಿದಿದ್ದರೆ ಆ ಕೆಲಸ ನಾವು ಮಾಡಿಕೊಡಬೇಕು. ನರ್ಸರಿಯಿಂದ ಕೊಂಡು ತಂದ ಸಸಿ ಇದಕ್ಕೆ ಬದಲಿ ಅಲ್ಲ.

ಇಂಜಿನಿಯರಿಂಗ್ ಓದೋರಿಗೆ ಅಂಜೂರದ ಉಸಾಬರಿ ಯಾಕೆ ಅಂತ ನನ್ನ ರೂಮ್‌ಮೇಟ್ ಆಗಲೇ ಕೇಳಿದ್ದಾಯ್ತು. ಕಾರಣ ಇದೆ.

ನಮ್ಮ ಜಿಲ್ಲೆಯಲ್ಲಿ ಎರಡು ಸಂಖ್ಯೆ ಚಹಾದ ಅಂಗಡಿಯಲ್ಲೂ ಕೇಳಿಸುತ್ತವೆ: 519.6 ಮೀಟರ್, 524.256 ಮೀಟರ್. ಮೊದಲನೆಯದು ಆಲಮಟ್ಟಿ ಜಲಾಶಯದ ಈಗಿನ ಮಟ್ಟ. ಎರಡನೆಯದು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಏರಿಸಬೇಕಾದ ಮಟ್ಟ. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ ಒಪ್ಪಿದ್ದು. ನಡುವಿನ ವ್ಯತ್ಯಾಸ 4.656 ಮೀಟರ್. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಮಾರ್ಕ್ಸ್ ಸಿಗುತ್ತೆ. ಆದರೆ ಆ 4.656 ಮೀಟರ್‌ನಲ್ಲಿ ಮನೆ, ಗುಡಿ, ಕಬ್ಬಿನ ಗದ್ದೆ, ಹಿತ್ತಲ ಎಲ್ಲ ಬರ್ತಾವೆ. ಹಳೆ ಬಾಗಲಕೋಟೆಯ ಎಷ್ಟೋ ಮಂದಿ ನವನಗರಕ್ಕೆ ಹೋದದ್ದನ್ನು, ಬೀಳಗಿ ಕಡೆಯ ಹಳ್ಳಿಗಳು ಆರ್.ಸಿ.ಗೆ, ಅಂದ್ರೆ ಪುನರ್ವಸತಿ ಕೇಂದ್ರಕ್ಕೆ, ಎದ್ದು ಹೋದದ್ದನ್ನು ನಮ್ಮ ತಂದೆ-ತಾಯಿ ಕಣ್ಣಾರೆ ನೋಡಿದ್ದಾರೆ. ಅಣೆಕಟ್ಟೆ ಏರದಿದ್ದರೂ ನೀರು ಬಿಡೋದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಒಟ್ಟಿಗೆ ಉಕ್ಕಿದಾಗ ದಂಡೆಯ ಊರುಗಳಲ್ಲಿ ಏನಾಯ್ತು ಅಂತ ನಮ್ಮ ವಯಸ್ಸಿನವರಿಗೂ ನೆನಪಿದೆ.

ಪರಿಹಾರ ಕೊಡ್ತಾರಲ್ಲ ಅಂತೀರಾ? ಹೌದು. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಅಂತ ತೀರ್ಮಾನಿಸಿತು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಗಿಡಮರಗಳ ಬೆಲೆ ಕಟ್ಟೋದಕ್ಕೇ ಒಂದು ಕಲಂ ಇದೆ, 29ನೆಯದು. ತೋಟಗಾರಿಕೆ ಬಲ್ಲವರನ್ನು ಕರೆಸಿ ಬೆಲೆ ಕಟ್ಟಿಸಬಹುದು. ಇದು ಬೇಕೇ ಬೇಕು, ನನ್ನ ತಕರಾರೇನೂ ಇಲ್ಲ. ಆದರೆ ಬೀಳಗಿ ತಾಲ್ಲೂಕಿನ ನಮ್ಮ ಆಯಿ ಒಂದೇ ಸಾಲಿನಲ್ಲಿ ಕೇಳಿದ್ಲು: "ದುಡ್ಡ ಕೊಡ್ತಾರ ಖರೆ. ಆ ಹಣ್ಣ ಯಾರ ಕೊಡ್ತಾರ?"

ಆ ಹಣ್ಣು ಅಂದ್ರೆ ಅವಳ ಹಿತ್ತಲ ಅಂಜೂರ. ಸಣ್ಣದು, ತೆಳು ಸಿಪ್ಪೆ, ನೇರಳೆಗೆ ತಿರುಗೋ ಕಂದು ಬಣ್ಣ. ಕಿತ್ತು ಒಂದು ದಿನ ಇಟ್ಟರೆ ಮೆತ್ತಗಾಗುತ್ತೆ, ಹಾಗಾಗಿ ಸಂತೆಗೆ ಹೋಗೋದೇ ಇಲ್ಲ. ಗುಬ್ಬಿ, ಅಳಿಲು ತಿಂದು ಉಳಿದದ್ದು ನಮಗೆ. ಮದುವೆಯಾಗಿ ಬಂದ ಮೇಲೆ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿ ಅದು. ಅದಕ್ಕೊಂದು ತಳಿಯ ಹೆಸರಿಲ್ಲ. ಅಂಗಡಿಯಲ್ಲಿ ಸಿಗೋವು ಪುಣೆ, ಡಯಾನಾ ಇಂಥವು. ಒಳ್ಳೆಯವೇ, ಆದರೆ ಅವು ಅವೇ, ಇದು ಇದೇ. ಪುಣೆ ಹತ್ತಿರದ ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಮುಧೋಳ ನಾಯಿಗೆ ಅಂಚೆ ಚೀಟಿ ಬಂತು, ತಿಮ್ಮಾಪುರದಲ್ಲಿ ಅದಕ್ಕಂತಲೇ ಸಂಶೋಧನಾ ಕೇಂದ್ರ ಇದೆ. ಹೆಸರಿಲ್ಲದ ಹಿತ್ತಲ ಗಿಡಕ್ಕೆ ಯಾರಿದ್ದಾರೆ, ಮನೆಯವರನ್ನು ಬಿಟ್ಟರೆ?

ಬೀಜ ಹಾಕಿದರಾಯ್ತಲ್ಲ ಅಂತ ಸುಲಭವಾಗಿ ಅನಿಸುತ್ತೆ. ಅಂಜೂರದ ವಿಷಯದಲ್ಲಿ ಅದು ನಡೆಯೋದಿಲ್ಲ, ಮತ್ತು ಯಾಕೆ ನಡೆಯೋದಿಲ್ಲ ಅನ್ನೋದೇ ನನಗೆ ಈ ಗಿಡದ ಹುಚ್ಚು ಹಿಡಿಸಿದ್ದು. ಅಂಜೂರ ಹೊರಗಿನಿಂದ ಹಣ್ಣು, ಒಳಗೆ ನೋಡಿದರೆ ನೂರಾರು ಪುಟ್ಟ ಹೂಗಳ ಚೀಲ. ನಮ್ಮ ಊರಿನ ಅತ್ತಿ ಹಣ್ಣಿನದೂ ಇದೇ ಕಥೆ (ನಮ್ಮ ಕಡೆ ಸೋದರತ್ತೆಗೂ ಅತ್ತಿ ಅಂತೀವಿ, ಬೆಂಗಳೂರಿನ ಗೆಳೆಯರು ಗೊಂದಲ ಮಾಡ್ಕೋಬೇಡಿ). ಅತ್ತಿ ಹಣ್ಣು ಒಡೆದರೆ ಹುಳ ಇರೋದನ್ನು ಎಲ್ಲರೂ ನೋಡಿರ್ತೀರಿ. ಅದು ಸಣ್ಣ ಕಣಜ. ಒಳಹೊಕ್ಕು ಪರಾಗ ಮುಟ್ಟಿಸೋದು ಅದೇ. ಅಂಜೂರಕ್ಕೂ ಅದರದ್ದೇ ಒಂದು ಕಣಜ ಮೆಡಿಟರೇನಿಯನ್ ಕಡೆ ಇದೆ. ನಾವು ಬೆಳೆಯೋ ಅಂಜೂರಕ್ಕೆ ಮಾತ್ರ ಅದರ ಹಂಗಿಲ್ಲ. ಪರಾಗ ಮುಟ್ಟದೆಯೇ ಹಣ್ಣಾಗುತ್ತೆ, ಒಳಗಿನ ಬೀಜ ಜೊಳ್ಳು. ಜೊಳ್ಳು ಬೀಜದಿಂದ ಏನು ಹುಟ್ಟೀತು?

ಇನ್ನು ಕಿರಾಣಿ ಅಂಗಡಿಯ ಒಣ ಅಂಜೂರದಿಂದ ಗಿಡ ಮಾಡೋ ರೀಲ್ಸ್ ನೋಡಿದವರಿಗೆ ಒಂದು ಮಾತು. ಟರ್ಕಿಯ ಸ್ಮಿರ್ನಾ ಜಾತಿಯಂಥವಕ್ಕೆ ಕಣಜ ಬೇಕೇ ಬೇಕು, ಅವುಗಳಲ್ಲಿ ಗಟ್ಟಿ ಬೀಜ ಇರುತ್ತೆ, ಮೊಳಕೆಯೂ ಬರಬಹುದು. ಆದರೆ ಹುಟ್ಟಿದ್ದು ತಾಯಿಯಂತೆ ಇರೋದಿಲ್ಲ, ಗಂಡು ಗಿಡವೂ ಆಗಬಹುದು, ಹಣ್ಣು ಹಿಡಿಯೋದಕ್ಕೆ ಇಲ್ಲಿ ಆ ಕಣಜ ಎಲ್ಲಿಂದ ತರ್ತೀರಿ? ಅಮೆರಿಕದ ಕ್ಯಾಲಿಫೋರ್ನಿಯಾದವರು ಇದೇ ಸ್ಮಿರ್ನಾ ಗಿಡಗಳನ್ನು 1880ರ ದಶಕದಲ್ಲಿ ತರಿಸಿ ನೆಟ್ಟರು. ಗಿಡ ಸೊಂಪಾಗಿ ಬೆಳೆದವು, ಕಾಯಿ ಮಾತ್ರ ಉದುರಿ ಹೋಗ್ತಿದ್ವು. 1899ರಲ್ಲಿ ಕಣಜ ಅಲ್ಲಿ ನೆಲೆಯಾದ ಮೇಲೇ ಬೆಳೆ ಕೈಗೆ ಹತ್ತಿದ್ದು.

ಹಾಗಾಗಿ ಉಳಿಯೋ ದಾರಿ ಕಡ್ಡಿಯದ್ದು. ಕಡ್ಡಿಯಿಂದ ಬಂದ ಗಿಡ ತಾಯಿಯ ಮಗಳಲ್ಲ, ತಾಯಿಯೇ. ಜೋರ್ಡಾನ್ ಕಣಿವೆಯ ಗಿಲ್ಗಾಲ್ ಅನ್ನೋ ಜಾಗದಲ್ಲಿ ಸುಮಾರು 11,400 ವರ್ಷ ಹಳೆಯ ಸುಟ್ಟ ಅಂಜೂರಗಳು ಸಿಕ್ಕಿದ್ದವು. ಒಳಗೆ ಬೆಳೆದ ಬೀಜ ಇರಲಿಲ್ಲ, ಅಂದಮೇಲೆ ಆ ಕಾಲದ ಜನ ಕಡ್ಡಿ ನೆಟ್ಟೇ ಬೆಳೆಸಿರಬೇಕು ಅಂತ 2006ರಲ್ಲಿ ಮೂವರು ಸಂಶೋಧಕರು ಬರೆದರು. ಬೇರೆಯವರು ಒಪ್ಪಿಲ್ಲ, ಜಗಳ ಇದೆ. ಅವರ ಮಾತು ನಿಜವಾದರೆ ಮನುಷ್ಯ ಗೋಧಿ, ಜವೆ ಬಿತ್ತೋದಕ್ಕಿಂತ ಮುಂಚೆ ಕಲಿತ ಬೇಸಾಯ ಆಯಿ ಒದ್ದೆ ಬಟ್ಟೆಯಲ್ಲಿ ತಂದದ್ದೇ.

ಈಗ ಕೆಲಸದ ಮಾತು. ಒಂದು ವರ್ಷದ, ಪೆನ್ಸಿಲ್‌ನಿಂದ ಕಿರುಬೆರಳಿನಷ್ಟು ದಪ್ಪದ, ಕಂದು ಬಣ್ಣಕ್ಕೆ ತಿರುಗಿದ ಟೊಂಗೆ ಆರಿಸಿ. ಹಸಿರು ತುದಿ ಬೇಡ, ಬೇಗ ಕೊಳೆಯುತ್ತೆ. ಒಂದು ಗೇಣು ಉದ್ದ, ಅಂದ್ರೆ 20ರಿಂದ 25 ಸೆಂಟಿಮೀಟರ್, ಮೂರ್ನಾಲ್ಕು ಕಣ್ಣು ಇರಬೇಕು. ಕೆಳಗಿನ ಕೊಯ್ತ ಕಣ್ಣಿನ ಬುಡದಲ್ಲೇ ನೇರವಾಗಿ, ಮೇಲಿನದು ಕಣ್ಣಿನಿಂದ ಒಂದು ಬೆರಳು ಮೇಲೆ ಓರೆಯಾಗಿ. ಓರೆ ಇದ್ದರೆ ನೀರು ನಿಲ್ಲೋದಿಲ್ಲ, ಜೊತೆಗೆ ಯಾವುದು ತಲೆ ಯಾವುದು ಕಾಲು ಅಂತ ಗೊತ್ತಾಗುತ್ತೆ. ತಲೆಕೆಳಗು ನೆಟ್ಟರೆ ಗಿಡ ಕ್ಷಮಿಸೋದಿಲ್ಲ. ಬೇರು ಬರಿಸೋ ಆಕ್ಸಿನ್ ಅನ್ನೋ ರಸ ಟೊಂಗೆಯೊಳಗೆ ತುದಿಯಿಂದ ಬುಡದ ಕಡೆಗೇ ಹರಿದು ಅಲ್ಲೇ ಸೇರಿಕೊಳ್ಳುತ್ತೆ, ಒನ್-ವೇ ರಸ್ತೆ ಇದ್ದಂತೆ. ಕೊಯ್ದ ಜಾಗದಲ್ಲಿ ಬಿಳಿ ಹಾಲು ಸುರಿಯುತ್ತೆ. ಕೈಗೆ ಹತ್ತಿಸಿಕೊಳ್ಳಬೇಡಿ; ಅದರ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟಂಗಾಗುತ್ತೆ. ನೀರಲ್ಲಿ ತೊಳೆದು ಕೆಲವು ತಾಸು ನೆರಳಲ್ಲಿ ಆರಲು ಬಿಡಿ.

ಮಣ್ಣೇ ಮುಖ್ಯ. ನಮ್ಮ ಎರೆ ಮಣ್ಣು ಜೋಳಕ್ಕೆ ದೇವರು, ಕಡ್ಡಿಗೆ ಯಮ. ನೀರು ಹಿಡಿದಿಟ್ಟು ಬುಡ ಕೊಳೆಸುತ್ತೆ. ಎರಡು ಪಾಲು ಉಸುಕು, ಒಂದು ಪಾಲು ಮಸಾರಿ ಮಣ್ಣು ಸಾಕು. ಗೊಬ್ಬರ ಈಗಲೇ ಬೇಡ, ಬೇರೇ ಇಲ್ಲದ ಕಡ್ಡಿ ಏನು ಉಂಡೀತು? ಕುಂಡ ಕೊಳ್ಳಬೇಡಿ. ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಗ್ಗಕ್ಕೇ ಜಾಗ ಸಾಲದು, ಹಿತ್ತಲ ಎಲ್ಲಿಂದ ಬರಬೇಕು? ಅಲ್ಲಿನ ಗೆಳೆಯನ ಮನೆಯಲ್ಲಿ ಒಂದು ಲೀಟರಿನ ಹಾಲಿನ ಪ್ಯಾಕೆಟ್‌ಗೆ ಕೆಳಗೆ ನಾಲ್ಕು ತೂತು ಹೊಡೆದು ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಾರೆ. ಮೂರರಲ್ಲಿ ಎರಡು ಪಾಲು ಕಡ್ಡಿ ಮಣ್ಣೊಳಗೆ ಹೋಗಬೇಕು, ಒಂದು ಕಣ್ಣು ಹೊರಗೆ. ಒಮ್ಮೆ ಚೆನ್ನಾಗಿ ನೀರು ಹಾಕಿ, ಮೇಲೆ ಒಂದು ಪ್ಲಾಸ್ಟಿಕ್ ಚೀಲ ಸಡಿಲವಾಗಿ ಮುಚ್ಚಿ ನೆರಳಿಗೆ ಇಡಿ. ಆಮೇಲೆ ಬೆರಳು ಚುಚ್ಚಿ ನೋಡಿ, ಒಳಗೆ ಒಣಗಿದ್ದರೆ ಮಾತ್ರ ನೀರು.

ಎರಡು-ಮೂರು ವಾರಕ್ಕೆ ಚಿಗುರು ಬರುತ್ತೆ. ಹೆಚ್ಚಿನವರು ಮೋಸ ಹೋಗೋದು ಇಲ್ಲೇ. ಆ ಎಲೆ ಬಂದದ್ದು ಕಡ್ಡಿಯೊಳಗೆ ಕೂಡಿಟ್ಟ ಗಂಟು ಖರ್ಚು ಮಾಡಿ. ಕೆಳಗೆ ಬೇರು ಇನ್ನೂ ಇರೋದಿಲ್ಲ. ಸಂತೋಷದಿಂದ ಬಿಸಿಲಿಗಿಟ್ಟು ಬಿಂದಿಗೆ ನೀರು ಸುರಿದರೆ ಮುಗೀತು. ಬೇರಿಗೆ ಒಂದರಿಂದ ಒಂದೂವರೆ ತಿಂಗಳು ಬೇಕು. ಎಳೆದು ನೋಡೋದು, ಕಿತ್ತು ನೋಡೋದು ಬೇಡ. ಹೊಸ ಬೇರು ಗಾಜಿನ ಕಡ್ಡಿಯಂತೆ ಪಟ್ಟನೆ ಮುರಿಯುತ್ತೆ. ಹೋದ ಜನವರಿಯಲ್ಲಿ ಆಯಿಯ ಗಿಡದಿಂದ ಎಂಟು ಕಡ್ಡಿ ಇಟ್ಟಿದ್ದೆ, ಆರು ಬೇರು ಬಿಟ್ಟವು. ಹಾರ್ಮೋನ್ ಪುಡಿ ಏನೂ ಹಾಕಿಲ್ಲ, ಅಂಜೂರಕ್ಕೆ ಅದು ಬೇಕೇ ಬೇಕು ಅಂತಿಲ್ಲ. ಜನವರಿ ಯಾಕೆ ಅಂದ್ರೆ, ನಮ್ಮ ಕಡೆ ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುತ್ತೆ. ಅಷ್ಟರೊಳಗೆ ಬೇರು ಕೂತಿರಬೇಕು. ಮಳೆಗಾಲದಲ್ಲಿ ನೆಲಕ್ಕೆ.

ಇದೇನು ಹೊಸ ವಿದ್ಯೆ ಅಂತ ಹೇಳ್ತಿಲ್ಲ. ನಾಲ್ಕೂ ತಾಲ್ಲೂಕು ನಿಂತಿರೋದೇ ತುಂಡಿನ ಮೇಲೆ. ಕಬ್ಬು ಯಾರು ಬೀಜದಿಂದ ಬೆಳೀತಾರೆ? ಎರಡು ಕಣ್ಣಿನ ತುಂಡು ಸಾಲಲ್ಲಿ ಹೂತರೆ ಮಹಾಲಿಂಗಪುರದ ಬೆಲ್ಲದವರೆಗೆ ದಾರಿ. ದ್ರಾಕ್ಷಿಯೂ ಕಡ್ಡಿ, ದಾಳಿಂಬೆಯೂ ಕಡ್ಡಿ ಇಲ್ಲವೇ ಗೂಟಿ. ನಾನು ಹತ್ತನೇ ಕ್ಲಾಸಿನವರೆಗೆ 'ವೆಜಿಟೇಟಿವ್ ಪ್ರೊಪಗೇಷನ್' ಅಂತ ಉರು ಹೊಡೆದೆ. ಅದು ನಮ್ಮ ಕಾಕಾ ಪ್ರತಿ ವರ್ಷ ಹೊಲದಲ್ಲಿ ಮಾಡೋ ಕೆಲಸ ಅಂತ ಪುಸ್ತಕ ಹೇಳಲೇ ಇಲ್ಲ. ಅಲ್ಲಿದ್ದ ಚಿತ್ರ ಗುಲಾಬಿಯದ್ದು. ಚಿಕ್ಕಪಡಸಲಗಿಯಲ್ಲಿ ರೈತರೇ ದುಡಿದು 1989ರಲ್ಲಿ ಬ್ಯಾರೇಜ್ ಕಟ್ಟಿದ ಸೀಮೆ ನಮ್ಮದು. ಒಂದು ಗೇಣು ಕಡ್ಡಿಗೆ ಬೇರು ಬರಿಸೋಕೆ ಯಾರನ್ನು ಕಾಯ್ತೀವಿ?

ಒಂದು ಎದುರುಮಾತಿಗೆ ಮಾತ್ರ ತೂಕ ಇದೆ. ಕಡ್ಡಿ ಗಿಡವನ್ನು ಹೊತ್ತು ತರುವಂತೆ ರೋಗವನ್ನೂ ಹೊತ್ತು ತರುತ್ತೆ. ದಾಳಿಂಬೆಯ ದುಂಡಾಣು ಅಂಗಮಾರಿ ನಮ್ಮ ಜಿಲ್ಲೆಯ ತೋಟಗಳನ್ನು ಹೇಗೆ ಹಾಳು ಮಾಡಿತು, ಎಷ್ಟು ಜನ ಗಿಡ ಕಿತ್ತು ಹಾಕಿದರು ಅಂತ ಮನೆಯಲ್ಲಿ ಕೇಳಿ. ರೋಗದ ತಾಯಿಗಿಡದಿಂದ ತೆಗೆದ ಸಸಿಗಳೂ ಅದನ್ನು ಊರೂರಿಗೆ ಮುಟ್ಟಿಸಿದವು. ಅಂಜೂರದಲ್ಲೂ ಎಲೆ ಮೇಲೆ ಹಳದಿ ಮಚ್ಚೆ ಬರಿಸೋ ಮೊಸಾಯಿಕ್ ರೋಗ ಕಡ್ಡಿಯ ಮೂಲಕವೇ ಹೋಗುತ್ತೆ. ಬೇರುಗಂಟು ಜಂತು ಕಡ್ಡಿಯಲ್ಲಿ ಬರದಿದ್ದರೂ ಮಣ್ಣಿನಲ್ಲಿ ಬರುತ್ತೆ, ಹಾಗಾಗಿ ಹಳೆ ತೋಟದ ಮಣ್ಣು ತುಂಬಬೇಡಿ. ಇದಕ್ಕೆ ಹೆದರಿ ಬಿಡಬೇಕಿಲ್ಲ, ನೋಡಿ ಕತ್ತರಿಸಬೇಕು. ಎಲೆ ಚೆನ್ನಾಗಿರುವಾಗಲೇ ಒಳ್ಳೆ ಟೊಂಗೆಗೆ ದಾರ ಕಟ್ಟಿ ಗುರುತು ಮಾಡಿ, ಚಳಿಯಲ್ಲಿ ಅದನ್ನೇ ಕೊಯ್ಯಿರಿ. ಅನುಮಾನ ಇದ್ದರೆ ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, 2008ರಿಂದ ಇದೆ; ಎಲೆ ತಗೊಂಡು ಹೋಗಿ ತೋರಿಸಿ. ಅಷ್ಟಕ್ಕೂ ನರ್ಸರಿ ಸಸಿಯ ತಾಯಿ ಯಾರು ಅಂತ ನಮಗೆ ಗೊತ್ತೇ ಇರೋದಿಲ್ಲ. ಆಯಿಯ ಗಿಡವನ್ನು ಮೂವತ್ತು ವರ್ಷದಿಂದ ದಿನಾ ನೋಡಿದವಳು ಆಯಿ.

ಇನ್ನು ನಮ್ಮ ಸಂಘಕ್ಕೆ. ಪ್ರತಿ ಜೂನ್ 5ಕ್ಕೆ ಸಸಿ ತರಿಸ್ತೀವಿ, ಅತಿಥಿಗಳ ಕೈಗೆ ಕೊಟ್ಟು ಫೋಟೋ ತೆಗೀತೀವಿ. ಆ ಸಸಿ ಎಲ್ಲಿಂದ ಬಂತು, ಯಾವ ಹಣ್ಣು, ಯಾರಿಗೂ ಗೊತ್ತಿಲ್ಲ. ಒಂದು ವರ್ಷ ಕೊಳ್ಳೋದು ನಿಲ್ಲಿಸಿ ಬೆಳೆಸೋಣ. ನಮ್ಮಲ್ಲಿ ಗಲಗಲಿ, ಅನಗವಾಡಿ ಕಡೆಯವರಿದ್ದಾರೆ, ತೇರದಾಳದವರಿದ್ದಾರೆ. ಸಂಕ್ರಾಂತಿಗೆ ಊರಿಗೆ ಹೋಗೇ ಹೋಗ್ತೀರಿ. ಬರುವಾಗ ಎಳ್ಳು-ಬೆಲ್ಲ, ಸಜ್ಜಿ ರೊಟ್ಟಿ ಜೊತೆ ನಾಲ್ಕು ಕಡ್ಡಿ ಒದ್ದೆ ಪೇಪರ್‌ನಲ್ಲಿ ಸುತ್ತಿ ತನ್ನಿ. ಪ್ರತಿ ಪ್ಯಾಕೆಟ್ ಮೇಲೆ ಊರು, ಮನೆಯವರು ಆ ಹಣ್ಣಿಗೆ ಏನಂತಾರೆ, ಕತ್ತರಿಸಿದ ದಿನ ಬರೆಯೋಣ. ಜೂನ್‌ನಲ್ಲಿ ಅರ್ಧ ಕ್ಯಾಂಪಸ್‌ಗೆ, ಅರ್ಧ ಅದೇ ಮನೆಯವರಿಗೆ ವಾಪಸ್. ನಾಳೆ ಅವರು ಆರ್.ಸಿ.ಗೆ ಹೋಗಬೇಕಾಗಿ ಬಂದರೆ ಪಾತ್ರೆ-ಪಗಡಿ ಜೊತೆ ಲಾರಿಯಲ್ಲಿ ಹೋಗೋಷ್ಟು ಸಣ್ಣದಿರುತ್ತೆ ಅದು. ಆಳೆತ್ತರದ ಗಿಡಕ್ಕೆ ಲಾರಿಯಲ್ಲಿ ಜಾಗ ಇರೋದಿಲ್ಲ.

ಈ ಸಲ ಆಯಿಯ ಗಿಡದಲ್ಲಿ ಹನ್ನೆರಡು ಟೊಂಗೆಗೆ ದಾರ ಕಟ್ಟಿ ಬಂದಿದ್ದೀನಿ. "ಬುಡಾ ಒಂದ ಬಿಟ್ಟ ಬ್ಯಾರೆ ಎಲ್ಲಾ ಒಯ್ಯಿ" ಅಂದ್ಲು. ಹಾಲಿನ ಪ್ಯಾಕೆಟ್ ಬಿಸಾಡದೆ ತೊಳೆದಿಡಿ, ಹಾಸ್ಟೆಲ್ ಮೆಸ್‌ನಲ್ಲಿ ದಿನಕ್ಕೆ ನಲವತ್ತಾದರೂ ಬೀಳ್ತಾವೆ. ಉಸುಕಿಗೆ ನಾನು ಸಿವಿಲ್ ಲ್ಯಾಬ್‌ನವರನ್ನು ಕೇಳ್ತೀನಿ.