ಹಾರ ಕಟ್ಟಿಸುವ ಮೊದಲು ಹುಡುಗನ್ನ ಕೇಳಿ ಸ್ವಾಮಿ!

ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಬಂದು ಸೇರಿ ಅಂತ ಸೂಲಿಬೆಲೆ ಹೋಬಳಿಯ ಒಂದು ಮನೆಗೆ ಪತ್ರ ಬಂತೆನ್ನಿ. ಮುಂದೇನಾಗುತ್ತದೆ ಎಂದು ಹೇಳಲು ಪಂಚಾಂಗ ನೋಡಬೇಕಿಲ್ಲ. ಸಂಜೆಯೊಳಗೆ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಏಳುತ್ತದೆ. ಅದರಲ್ಲಿ ಹುಡುಗನ ಮುಖ ಸಣ್ಣದು, ಶುಭ ಕೋರುವ ಮುಖಂಡರ ಮುಖ ದೊಡ್ಡದು. ಮಾರನೇ ದಿನ ಶಾಲು, ಹಾರ, ಮೈಸೂರು ಪೇಟ, ಭಾಷಣ.

ಅಷ್ಟು ಹೊತ್ತಿಗೆ ಮನೆಯೊಳಗೆ ಬೇರೆಯದೇ ಪಂಚಾಯ್ತಿ ನಡೆದಿರುತ್ತದೆ. "ಇರೋನೊಬ್ಬ ಮಗ, ಯಾಕಪ್ಪಾ ಮಿಲಿಟರಿ? ಸಿಇಟೀಲಿ ಇಂಜಿನಿಯರಿಂಗ್ ಸಿಗಲ್ವಾ?" ಅಂತ ತಾಯಿ. "ಊಟ, ಬಟ್ಟೆ, ಓದು ಎಲ್ಲಾ ಫ್ರೀ ಕಣಕ್ಕಾ, ಕಣ್ಮುಚ್ಕೊಂಡು ಕಳ್ಸು" ಅಂತ ಸೋದರಮಾವ. ತಂದೆ ಬೀಡಿ ಹಚ್ಚಿಕೊಂಡು ಜಗಲಿಗೆ ಬರುತ್ತಾರೆ. ಎಲ್ಲರೂ ಮಾತಾಡಿದರು. ಹೋಗಬೇಕಾದ ಹುಡುಗನನ್ನು ಕೇಳಿದವರು ಯಾರು?

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮ ಕಡೆ ಸೈನ್ಯ ಅಂದರೆ ಎಲ್ಲಾ ಒಂದೇ ಎಂಬ ಭಾವನೆ ಇದೆ. 2022ರಲ್ಲಿ ಬಂದ ಅಗ್ನಿವೀರ ಯೋಜನೆಯಲ್ಲಿ ಜವಾನರಿಗೆ ನಾಲ್ಕು ವರ್ಷ ಕೆಲಸ, ಆಮೇಲೆ ನೂರಕ್ಕೆ 25 ಮಂದಿಯವರೆಗೆ ಮಾತ್ರ ಮುಂದುವರಿಕೆ. ಖಡಕ್‌ವಾಸ್ಲಾ ಅದಲ್ಲ. ಅದು ಅಧಿಕಾರಿಗಳನ್ನು ತಯಾರು ಮಾಡುವ ಜಾಗ. ಅಲ್ಲಿ ಮೂರು ವರ್ಷ ಓದು ಮತ್ತು ಕವಾಯತು, ಕೊನೆಗೆ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಪದವಿ. ಆಮೇಲೆ ಭೂಸೇನೆಯಾದರೆ ಡೆಹ್ರಾಡೂನಿನಲ್ಲಿ ಇನ್ನೊಂದು ವರ್ಷ. ಆ ವರ್ಷ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಒಂದು ಸಲದ ಪರೀಕ್ಷೆಗೆ ಸುಮಾರು 400 ಜಾಗ, ಬರೆಯುವವರು ಲಕ್ಷಗಟ್ಟಲೆ. ಆಯ್ಕೆಯಾದವನು ಸಾಮಾನ್ಯ ಹುಡುಗನಲ್ಲ, ಒಪ್ಪೋಣ.

ಹಾಗಂತ ಫ್ರೀ ಅನ್ನುವುದಷ್ಟೇ ಕಾರಣವಾಗಬಾರದು. ಫೀಸಿಗೆ ಹತ್ತು ಗುಂಟೆ ಮಾರುವುದು ನಮ್ಮಲ್ಲಿ ಹೊಸದೇನಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯಿಂದ ಹೊಸಕೋಟೆಗೆ ವರ್ತುಲ ರಸ್ತೆ ಬಂದ ಮೇಲಂತೂ ರಾಗಿ ಹೊಲದ ಬದುವಿನ ಮೇಲೆ ದಲ್ಲಾಳಿ ಕೂತೇ ಇರುತ್ತಾನೆ. ಜಮೀನು ಉಳಿಸಲು ಮಗನನ್ನು ಕಳಿಸುತ್ತೇವೆ ಅನ್ನುವವರ ಕಷ್ಟ ಈ ಅಂಕಣಕ್ಕೆ ಅರ್ಥವಾಗುತ್ತದೆ. ಆದರೆ ಬೆಳಗಿನ ಜಾವ ಎದ್ದು ಓಡುವವನು ಮಗ, ಜಮೀನಲ್ಲ. ಒಲ್ಲದ ಮನಸ್ಸಿನಿಂದ ಹೋದವನು ಮೊದಲ ಟರ್ಮಿನಲ್ಲೇ ಮನೆ ದಾರಿ ನೋಡುತ್ತಾನೆ. ಆಗ ಫ್ರೀ ಎಂಬುದು ಫ್ರೀ ಅಲ್ಲ.

ಯಾಕೆ ಅಂತೀರಾ? ಸೇರುವಾಗ ತಂದೆ ತಾಯಿ ಅಥವಾ ಪೋಷಕರು ಸಹಿ ಹಾಕುವ ಕಾಗದಗಳಿವೆ. ಹುಡುಗ ತನ್ನ ಇಷ್ಟದಿಂದ ನಡುವೆ ಬಿಟ್ಟು ಬಂದರೆ ಸರ್ಕಾರ ಅವನಿಗೆ ಮಾಡಿದ ಖರ್ಚನ್ನು ವಾಪಸು ಕಟ್ಟಬೇಕು ಎಂಬುದು ಒಂದು. ತರಬೇತಿಯಲ್ಲಿ ಪೆಟ್ಟಾದರೆ ಪರಿಹಾರ ಕೇಳುವುದಿಲ್ಲ ಎಂಬುದು ಇನ್ನೊಂದು. ಈ ಎರಡನೆಯದು ಬರೀ ಕಾಗದದ ಮಾತಲ್ಲ. ತರಬೇತಿಯಲ್ಲಿ ಅಂಗ ಊನವಾಗಿ ಹೊರಬಿದ್ದ ಕೆಡೆಟ್‌ಗಳಿಗೆ ಮಾಜಿ ಸೈನಿಕರೆಂಬ ಹೆಸರೂ ಇಲ್ಲ, ಆ ಸವಲತ್ತೂ ಇಲ್ಲ ಎಂಬ ಸಂಗತಿಯನ್ನು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ ತಾನಾಗಿ ಕೈಗೆತ್ತಿಕೊಂಡಿತು. ಅದಾದ ಮೇಲೆ ಮಾಜಿ ಸೈನಿಕರ ಆಸ್ಪತ್ರೆ ಯೋಜನೆಯ ಬಾಗಿಲು ಅವರಿಗೆ ತೆರೆಯಿತು. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಕೆಟ್ಟ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಓದಿಸಿಕೊಂಡು, ತಿಳಿದುಕೊಂಡು ಸಹಿ ಹಾಕಿ ಅಂತಷ್ಟೇ.

ಹೆದರಿಕೆಯೊಂದೇ ಬೇಡ ಅನ್ನುವುದಕ್ಕೂ ಸಾಲದು. 1949ರ ಜನವರಿ 15ರಂದು ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ ಕೊಡಗಿನ ಕಾರ್ಯಪ್ಪನವರು. 1957ರಲ್ಲಿ ಮುಖ್ಯಸ್ಥರಾದ ತಿಮ್ಮಯ್ಯನವರೂ ಅದೇ ನೆಲದವರು. 2008ರ ನವೆಂಬರಿನಲ್ಲಿ ಮುಂಬೈ ತಾಜ್ ಹೋಟೆಲಿನಲ್ಲಿ ಮಡಿದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಖಡಕ್‌ವಾಸ್ಲಾದಲ್ಲಿ ಕಲಿತವರು. ಅವರೂ ತಂದೆ ತಾಯಿಗೆ ಒಬ್ಬನೇ ಮಗ. ಆ ಮನೆಯ ದುಃಖ ಭಾಷಣದಿಂದ ಕಡಿಮೆಯಾಗುವಂಥದ್ದಲ್ಲ. ಆದರೆ ಅಂಥವರು ತಾವೇ ಆರಿಸಿಕೊಂಡ ದಾರಿ ಅದು. ಆರಿಸಿಕೊಳ್ಳುವುದು ಬೇರೆ, ತಳ್ಳಿಸಿಕೊಳ್ಳುವುದು ಬೇರೆ.

ಇನ್ನೊಂದು ಮಾತು ಕೆಲವರಿಗೆ ಕಹಿಯಾದೀತು. ಬೇಡ ಅನ್ನುವ ಹುಡುಗ ದೇಶದ್ರೋಹಿಯಲ್ಲ. ಸೇರುವ ಮೊದಲೇ ಒಲ್ಲೆ ಅಂದರೆ ಪಟ್ಟಿಯಲ್ಲಿ ಕೆಳಗಿರುವ ಇನ್ನೊಬ್ಬನಿಗೆ ಕರೆ ಹೋಗುವ ಅವಕಾಶವಿದೆ. ಊರಿನ ಮರ್ಯಾದೆಗಾಗಿ ಸೇರಿ, ಆರು ತಿಂಗಳಿಗೆ ಬಿಟ್ಟು ಬಂದರೆ ಇವನ ವರ್ಷವೂ ಹೋಯಿತು, ಅವನ ಜಾಗವೂ ಹೋಯಿತು. ಯಾರಿಗೆ ಲಾಭ? ಫ್ಲೆಕ್ಸ್ ಪ್ರಿಂಟ್ ಮಾಡಿದವನಿಗೆ!

ಹಾಗೆಯೇ ಹೋಗುತ್ತೇನೆ ಅನ್ನುವವರನ್ನು ಅಳುತ್ತಾ ತಡೆಯುವುದೂ ತಪ್ಪು. ಈಗ ಇದು ಹೆಣ್ಣುಮಕ್ಕಳ ಮಾತೂ ಹೌದು. 2021ರಲ್ಲಿ ಸುಪ್ರೀಂ ಕೋರ್ಟ್ ಪರೀಕ್ಷೆಗೆ ದಾರಿ ಬಿಟ್ಟಿತು. 2025ರ ಮೇ ತಿಂಗಳಲ್ಲಿ ಮೊದಲ ತಂಡದ 17 ಯುವತಿಯರು ಖಡಕ್‌ವಾಸ್ಲಾದಿಂದ ಹೊರಬಂದರು. "ಹುಡುಗಿ ಯಾಕೆ" ಅನ್ನುವ ಪ್ರಶ್ನೆಗೆ ಅವರೇ ಉತ್ತರ.

ಕಷ್ಟ ಏನೆಂದರೆ, ನಮ್ಮ ಹಳ್ಳಿಗಳಲ್ಲಿ ಹೋಗಿ ಬಂದವರನ್ನು ಕೇಳೋಣ ಅಂದರೆ ಅಂಥ ಅಧಿಕಾರಿಗಳು ಅಪರೂಪ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕೇಂದ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಗೆ 2024ರಿಂದ ಕನ್ನಡ ಬಂದಿದೆ, ಅಧಿಕಾರಿ ಪರೀಕ್ಷೆಗೆ ಬಂದಿಲ್ಲ. ಕನ್ನಡದವನು ಲಾಠಿ ಹಿಡಿಯಬಹುದು, ನಕ್ಷೆ ಹಿಡಿಯಬಾರದೇನು? ಸಂಸದರು ಇದಕ್ಕೆ ಬಾಯಿ ಬಿಡಲಿ.

ಅಲ್ಲಿಯವರೆಗೆ ಸೂಲಿಬೆಲೆ, ಹೊಸಕೋಟೆಯ ಪಿಯು ಕಾಲೇಜುಗಳು ಮಾಡಬಹುದಾದ ಕೆಲಸ ಒಂದಿದೆ. ವರ್ಷಕ್ಕೊಮ್ಮೆ ನಿವೃತ್ತ ಅಧಿಕಾರಿಯೊಬ್ಬರನ್ನು ಕರೆಸಿ, ತಂದೆ ತಾಯಿಯರನ್ನೂ ಕೂರಿಸಿ, ಆ ಸಹಿ ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳಲಿ. ಬೆಂಗಳೂರಿನಲ್ಲೇ ಸೈನ್ಯದ ಆಯ್ಕೆ ಕೇಂದ್ರವಿರುವಾಗ ಒಬ್ಬರನ್ನು ಕರೆತರುವುದು ದೊಡ್ಡ ಮಾತಲ್ಲ.

ಆ ಆಯ್ಕೆ ಕೇಂದ್ರದಲ್ಲಿ ಐದು ದಿನ ಹುಡುಗನನ್ನು ಒಬ್ಬನನ್ನೇ ಪರೀಕ್ಷಿಸುತ್ತಾರೆ. ಅಪ್ಪನನ್ನು ಕೇಳುವುದಿಲ್ಲ, ಮಾವನನ್ನೂ ಕೇಳುವುದಿಲ್ಲ. ಅವರಿಗೆ ತಿಳಿದದ್ದು ನಮಗೂ ತಿಳಿಯಲಿ. ಹಾರ ಎರಡು ದಿನ ತಡವಾದರೆ ಬಾಡುವುದಿಲ್ಲ.